ಹರಿಗೋಲಿನಿಂದ ಫೆರಿಗೆ: ಕಡಲ ಹಕ್ಕಿ, ಡಾಲ್ಫಿನ್ ನೋಡಲು ನಮ್ಮ ಕಡೆಯವರಿಗೊಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ನಮಗೆ ಸಮುದ್ರ ಅಂದರೆ ರಜೆಯ ಟ್ರಿಪ್. ಗೋಕರ್ಣ, ಮುರುಡೇಶ್ವರ, ಇಲ್ಲವೇ ಗೋವಾ. ಅಲ್ಲಿ ‘ಡಾಲ್ಫಿನ್ ತೋರಿಸ್ತೀವಿ ಬನ್ನಿ’ ಎಂದು ಕರೆಯುವ ದೋಣಿ ಹತ್ತುತ್ತೇವೆ. ಯಾರೋ ಕೂಗುತ್ತಾರೆ, ನಾವು ತಿರುಗುತ್ತೇವೆ, ಅಷ್ಟರಲ್ಲಿ ನೀರು ಖಾಲಿ. ತಲೆ ಮೇಲೆ ಹಾರಿದ್ದೆಲ್ಲ ಬರೀ ‘ಬಿಳಿ ಹಕ್ಕಿ’. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿ ಇಷ್ಟೇ ಸಿಕ್ಕರೆ ಬೇಜಾರಾಗುತ್ತದೆ, ಅಲ್ವಾ?

ಓಲಾಡುವ ದೋಣಿಯಿಂದ ಹಾರುವ, ಈಜುವ ಜೀವಿಯನ್ನು ನೋಡುವುದಕ್ಕೆ ಅಭ್ಯಾಸ ಬೇಕು. ಆದರೆ ಆ ಅಭ್ಯಾಸಕ್ಕೆ ಸಮುದ್ರವೇ ಬೇಕೆಂದಿಲ್ಲ. ಕೃಷ್ಣೆ, ಭೀಮೆ, ಕಾರಂಜಾ ಜಲಾಶಯ ಸಾಕು. ಕಡಲ ಮೇಲೆ ಹಾರುವ ರೀವ (ಇಂಗ್ಲಿಷಿನಲ್ಲಿ ಟರ್ನ್) ಮತ್ತು ಗಲ್ ಹಕ್ಕಿಗಳ ಹತ್ತಿರದ ನೆಂಟರು ಇಲ್ಲೇ ಇದ್ದಾರೆ. ಇಲ್ಲಿ ಕಣ್ಣು ಪಳಗಿಸಿಕೊಂಡು ಅಲ್ಲಿಗೆ ಹೋದವರಿಗೆ ಅದೇ ದೋಣಿ, ಅದೇ ಟಿಕೆಟ್‌ನಲ್ಲಿ ಎಷ್ಟೋ ಜಾಸ್ತಿ ಕಾಣುತ್ತದೆ.

ಮೊದಲ ಹಂತ: ಮನೆ ಹತ್ತಿರದ ನೀರು

ಯಾದಗಿರಿ ಜಿಲ್ಲೆಯವರಿಗೆ ನಾರಾಯಣಪುರದ ಬಸವಸಾಗರ ಇದೆ. ಸುರಪುರ ತಾಲ್ಲೂಕಿನಲ್ಲಿ ತಿಂಥಣಿ ಮೌನೇಶ್ವರರ ಸನ್ನಿಧಿಯ ಪಕ್ಕದಲ್ಲೇ ಕೃಷ್ಣೆ ಹರಿಯುತ್ತಾಳೆ, ಬೋನಾಳ ಕೆರೆಯೂ ಅದೇ ತಾಲ್ಲೂಕಿನಲ್ಲಿದೆ. ಕಲಬುರಗಿಯವರಿಗೆ ಗಾಣಗಾಪುರದ ಭೀಮಾ–ಅಮರ್ಜಾ ಸಂಗಮ ಮತ್ತು ಸನ್ನತಿ. ಬೀದರ್‌ನವರಿಗೆ ಕಾರಂಜಾ. ಗಾಣಗಾಪುರದ ದತ್ತ ಭಕ್ತರು ಕೃಷ್ಣೆಯ ನಡುಗಡ್ಡೆ ಕುರುವಪುರಕ್ಕೂ ಹೋಗುತ್ತಾರಲ್ಲ, ಆ ದಾಟುವಿಕೆ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಜಪ ಗುಡಿಯಲ್ಲಿ ಮಾಡೋಣ. ನೀರಿನ ಮೇಲೆ ಇದ್ದಷ್ಟು ಹೊತ್ತು ಕಣ್ಣು ತೆರೆದಿರಲಿ.

ಇಲ್ಲಿ ಮೊದಲು ಹುಡುಕಬೇಕಾದದ್ದು ನದಿ ರೀವ. ಬೂದು ಮೈ, ಕರಿ ಟೋಪಿ, ಗಾಢ ಹಳದಿ ಕೊಕ್ಕು, ಕೆಂಪು ಕಾಲು, ಸೀಳಿದ ಉದ್ದ ಬಾಲ. ಬೇಸಿಗೆಯಲ್ಲಿ ನದಿ ಇಳಿದಾಗ ಮರಳಿನ ದಿಬ್ಬದ ಮೇಲೆ ಮೊಟ್ಟೆ ಇಡುತ್ತದೆ. ಮರಳು ಹೋದಂತೆ ಅದರ ಜಾಗವೂ ಹೋಗುತ್ತಿದೆ. ಹಾಗಾಗಿ ಮಾರ್ಚ್‌ನಿಂದ ಮೇ ತನಕ ದಿಬ್ಬಗಳ ಮೇಲೆ ಕಾಲಿಡಬೇಡಿ, ನೀರಿನ ಮೇಲಿಂದಲೇ ನೋಡಿ. ಚಳಿಗಾಲದಲ್ಲಿ ಮೀಸೆ ರೀವವೂ ಬರುತ್ತದೆ. ಅದು ಚಿಕ್ಕದು, ಬಾಲದ ಸೀಳು ಕಡಿಮೆ.

ಇವೆರಡರ ನಡುವಿನ ವ್ಯತ್ಯಾಸವೇ ನಿಮ್ಮ ಮೊದಲ ಪಾಠ. ನದಿ ರೀವ ಗಾಳಿಯಲ್ಲಿ ಒಂದು ಕ್ಷಣ ನಿಂತು, ತಲೆ ಕೆಳಗೆ ಮಾಡಿ ಧುಮುಕುತ್ತದೆ. ಮೀಸೆ ರೀವ ಹೆಚ್ಚಾಗಿ ಧುಮುಕುವುದಿಲ್ಲ. ನೀರಿನ ಮೇಲ್ಮೈಗೆ ಬಾಗಿ, ಕೊಕ್ಕಿನಿಂದ ಎತ್ತಿಕೊಂಡು ಮೇಲೇಳುತ್ತದೆ. ಬಣ್ಣವೇ ಕಾಣದಷ್ಟು ದೂರದಲ್ಲಿದ್ದರೂ ಈ ಎರಡು ನಡೆಗಳನ್ನು ಬೇರೆ ಮಾಡಿ ಗುರುತಿಸಲು ಬಂದರೆ ಸಮುದ್ರಕ್ಕೆ ನೀವು ಅರ್ಧ ತಯಾರು. ಅಲ್ಲಿ ಬಿಸಿಲಿನ ಝಳ, ದೂರ, ಓಲಾಟ ಸೇರಿ ಬಣ್ಣವನ್ನು ನುಂಗಿಬಿಡುತ್ತವೆ. ಉಳಿಯುವುದು ಹಾರಾಟ ಮಾತ್ರ.

ನಮ್ಮ ನದಿಗಳಲ್ಲಿ ಡಾಲ್ಫಿನ್ ಇಲ್ಲ. ನದಿ ಡಾಲ್ಫಿನ್ ಇರುವುದು ಹೆಚ್ಚಾಗಿ ಗಂಗಾ, ಬ್ರಹ್ಮಪುತ್ರಾ ಕಡೆ. 2009ರಲ್ಲಿ ಅದನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿದರು. ಕೃಷ್ಣೆಯಲ್ಲಿ ನಯವಾದ ಕಂದು ಬೆನ್ನೊಂದು ಎದ್ದು ಮುಳುಗಿದರೆ ಅದು ನೀರುನಾಯಿ ಇರಬಹುದು. ಅದನ್ನು ಬೆನ್ನತ್ತಿ ನೋಡುವುದೂ ಒಳ್ಳೆ ಅಭ್ಯಾಸವೇ: ಮುಳುಗಿದ ಜಾಗವನ್ನೇ ದಿಟ್ಟಿಸದೆ, ಅದು ಹೊರಟ ದಿಕ್ಕಿನಲ್ಲಿ ಮುಂದೆ ನೋಡಿ. ಹಾಂ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಹರಿಗೋಲಿನಿಂದ ಕೈಕಾಲು ಇಳಿಬಿಡಬೇಡಿ.

ಎರಡನೆಯ ಹಂತ: ದುರ್ಬೀನು

8×42 ಕೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲ ಇರುವಂಥದ್ದು. ಅಂಗಡಿಯವರು ಹತ್ತು ಪಟ್ಟು, ಹನ್ನೆರಡು ಪಟ್ಟು ಎಂದು ತೋರಿಸುತ್ತಾರೆ. ದಡದಿಂದ ನೋಡಲು ಅದು ಸರಿ. ದೋಣಿಯಲ್ಲಿ ಹಕ್ಕಿ ಎಷ್ಟು ದೊಡ್ಡದಾಗುತ್ತದೋ ನಿಮ್ಮ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. 7×50 ಕೂಡ ದೋಣಿಗೆ ಚೆನ್ನ, ಆದರೆ ಭಾರ. ನೀರು ಒಳಗೆ ಹೋಗದಂಥದ್ದೇ ಇರಲಿ.

ಮನೆಯಲ್ಲೇ ಮಾಡಿಟ್ಟುಕೊಳ್ಳುವ ಕೆಲಸ ಒಂದಿದೆ. ಬಲಗಣ್ಣಿನ ಮಸೂರವನ್ನು ಕೈಯಿಂದ ಮುಚ್ಚಿ, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಪಕ್ಕದ ಸಣ್ಣ ಬಳೆಯನ್ನು ಮಾತ್ರ ತಿರುಗಿಸಿ. ಇದನ್ನು ಮಾಡದೆ ‘ನನಗೆ ದುರ್ಬೀನಿನಲ್ಲಿ ಏನೂ ಕಾಣಲ್ಲ’ ಎನ್ನುವವರೇ ಜಾಸ್ತಿ.

ಇನ್ನೊಂದು, ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ದುರ್ಬೀನನ್ನು ಕಣ್ಣಿಗೆ ತರುವುದು. ನಾವು ಸಾಮಾನ್ಯವಾಗಿ ಹಕ್ಕಿ ನೋಡಿ, ಕೆಳಗೆ ದುರ್ಬೀನು ನೋಡಿ, ಮತ್ತೆ ಮೇಲೆ ನೋಡುತ್ತೇವೆ. ಅಷ್ಟರಲ್ಲಿ ಅದು ಹೋಗಿರುತ್ತದೆ. ಮಾಳಿಗೆ ಮೇಲೆ ನಿಂತು ಪಾರಿವಾಳಗಳ ಮೇಲೆ ಕೆಲವು ದಿನ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ.

ಮೂರನೆಯ ಹಂತ: ಎಲ್ಲಿಗೆ ಹೋಗುವುದು

ಸಮುದ್ರ ಅಂದ ಕೂಡಲೇ ಕಾರವಾರ, ಗೋವಾ ನೆನಪಾಗುತ್ತದೆ. ಆದರೆ ರೈಲು ಹತ್ತಿದರೆ ನಮಗೆ ಸುಲಭವಾಗಿ ಸಿಗುವ ಕಡಲು ಮುಂಬೈಯದು. ಕಲಬುರಗಿಯಲ್ಲಿ ಸಂಜೆ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಮುಂಬೈ. ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿಯಲ್ಲೂ ನಿಲ್ಲುತ್ತದೆ. ಬೀದರ್‌ನಿಂದಲೂ ಮುಂಬೈಗೆ ನೇರ ರೈಲಿದೆ, ದಿನ ನೋಡಿಕೊಂಡು ಹೋಗಬೇಕು. ಮುಂಬೈಯ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಲ್ಲಿ ಇಳಿದರೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರವೇ. ಅಲ್ಲಿಂದ ಎಲಿಫಂಟಾ ದ್ವೀಪಕ್ಕೆ ಸುಮಾರು ಒಂದು ಗಂಟೆಯ ದೋಣಿ ಪ್ರಯಾಣ. ಅಲಿಬಾಗ್ ಕಡೆಯ ಮಾಂಡವಾಕ್ಕೂ ಫೆರಿಗಳಿವೆ. ಮುಂಬೈಯ ಭಾವುಚಾ ಧಕ್ಕಾ ಎಂಬ ದೋಣಿಕಟ್ಟೆಯಿಂದ ವಾಹನಗಳನ್ನೂ ಹೊತ್ತೊಯ್ಯುವ ರೋ-ರೋ ಹಡಗು 2020ರಿಂದ ಮಾಂಡವಾಕ್ಕೆ ಓಡುತ್ತಿದೆ. ದೊಡ್ಡ ಹಡಗು, ಓಲಾಟ ಕಡಿಮೆ, ಮೇಲಿನ ಅಟ್ಟದಲ್ಲಿ ನಿಲ್ಲಬಹುದು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಎಲಿಫಂಟಾ ಗುಹೆಗಳಿಗೆ ಸೋಮವಾರ ರಜೆ ಎನ್ನುವುದು ನೆನಪಿರಲಿ.

ಮುಂಬೈಗೆ ಹೋಗುವುದು ಹಕ್ಕಿಗಾಗಿ. ಡಾಲ್ಫಿನ್‌ಗಾದರೆ ಕಾರವಾರ. ಹುಬ್ಬಳ್ಳಿ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾ ಮೂಲಕ ಹೋಗಬೇಕು. ದಾರಿ ಉದ್ದ, ಆದರೆ ಕಾಳಿ ನದಿ ಕಡಲು ಸೇರುವ ಜಾಗ, ದೇವಬಾಗ, ಕೂರ್ಮಗಡ ದ್ವೀಪದ ಸುತ್ತಲಿನ ನೀರು ಡಾಲ್ಫಿನ್‌ಗಳಿಗೆ ಇಷ್ಟ. ಕೋಡಿಬಾಗದಿಂದ ದೋಣಿ ಸಿಗುತ್ತದೆ.

ಇವೆರಡಕ್ಕೂ ಸೇರದ, ಆದರೆ ನನಗೆ ತುಂಬಾ ಹಿಡಿಸುವ ಒಂದು ದಾಟು ಇದೆ: ಗೋಕರ್ಣದ ಹತ್ತಿರದ ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ. ಊರಿನವರು ದಿನವೂ ಓಡಾಡುವ ದೋಣಿ. ಕೆಲವೇ ನಿಮಿಷದ ದಾರಿ. ಒಂದು ಕಡೆ ಮೀನುಗಾರಿಕೆ ಬಂದರು, ಇನ್ನೊಂದು ಕಡೆ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ. ಗರುಡಗಳು ತಲೆ ಮೇಲೆ ಸುತ್ತುತ್ತಿರುತ್ತವೆ. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೋಗಿ ಬಂದು, ಮತ್ತೆ ಹೋಗಿ ಬನ್ನಿ. ಯಾರೂ ಏನೂ ಅನ್ನುವುದಿಲ್ಲ. ದುಬಾರಿ ಡಾಲ್ಫಿನ್ ಟ್ರಿಪ್‌ಗಿಂತ ಇಂಥ ಮಾಮೂಲಿ ದೋಣಿಗಳಲ್ಲೇ ನೋಡುವ ಸುಖ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಅವು ಯಾವ ಪ್ರಾಣಿಯ ಬೆನ್ನನ್ನೂ ಹತ್ತುವುದಿಲ್ಲ, ತಮ್ಮ ಪಾಡಿಗೆ ಹೋಗುತ್ತವೆ. ಹಾಗಾಗಿ ಹಕ್ಕಿಗಳೂ ಹೆದರುವುದಿಲ್ಲ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಮಾರ್ಚ್. ಗಲ್ ಹಕ್ಕಿಗಳು ವಲಸೆ ಬಂದಿರುತ್ತವೆ, ಕಡಲು ಶಾಂತವಾಗಿರುತ್ತದೆ. ಜೂನ್ ಹೊತ್ತಿಗೆ ಸಣ್ಣ ಫೆರಿಗಳು, ಪ್ರವಾಸಿ ದೋಣಿಗಳು ನಿಲ್ಲುತ್ತವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇದೆ.

ದಿನದಲ್ಲಿ ಬೆಳಗಿನ ಮೊದಲ ದೋಣಿಯೇ ಸರಿ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಿನಿಂದ ಗಾಳಿ ಏಳುತ್ತದೆ. ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣಿಸಿಕೊಂಡರೆ ಡಾಲ್ಫಿನ್‌ನ ಸಣ್ಣ ಈಜುರೆಕ್ಕೆ ಅದರಲ್ಲಿ ಕಳೆದುಹೋಗುತ್ತದೆ. ಇನ್ನೊಂದು ಕಾರಣ ಬಿಸಿಲು. ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಕಡಲ ಕಡೆ ಮುಖ ಮಾಡಿದರೆ ಸೂರ್ಯ ಬೆನ್ನಿಗಿರುತ್ತಾನೆ. ಸಂಜೆ ಅದೇ ನೀರು ಕಣ್ಣು ಕುಕ್ಕುವ ತಗಡು.

ನಾಲ್ಕನೆಯ ಹಂತ: ದೋಣಿಯಲ್ಲಿ ಎಲ್ಲಿ ನಿಲ್ಲಬೇಕು

ಹತ್ತುವ ಮೊದಲೇ ದೋಣಿ ಯಾವ ದಿಕ್ಕಿಗೆ ಹೋಗುತ್ತದೆ ನೋಡಿಕೊಳ್ಳಿ. ಗೇಟ್‌ವೇಯಿಂದ ಮಾಂಡವಾ ದಕ್ಷಿಣಕ್ಕಿದೆ. ಬೆಳಿಗ್ಗೆ ಸೂರ್ಯ ಎಡಗಡೆ, ಆದ್ದರಿಂದ ನೀವು ಬಲಗಡೆಯ ಕಟಕಟೆ ಹಿಡಿಯಿರಿ. ಎಲಿಫಂಟಾ ಪೂರ್ವಕ್ಕಿದೆ. ಮುಂದೆ ನಿಂತರೆ ಬಿಸಿಲು ನೇರ ಕಣ್ಣಿಗೆ ಬಡಿಯುತ್ತದೆ, ಹಿಂಭಾಗವೇ ವಾಸಿ. ಗಲ್ ಹಕ್ಕಿಗಳೂ ದೋಣಿಯ ಹಿಂದೆಯೇ ಬರುತ್ತವೆ. ಡಾಲ್ಫಿನ್ ಹುಡುಕುವಾಗ ಮಾತ್ರ ಮುಂಭಾಗ.

ದುರ್ಬೀನನ್ನು ಆಗಾಗ ಮಾತ್ರ ಬಳಸಿ. ಮೊದಲು ಬರಿಗಣ್ಣಿನಿಂದ ನೀರಿನಂಚಿನ ಗೆರೆಯ ಉದ್ದಕ್ಕೂ ನಿಧಾನ ನೋಡುತ್ತಾ ಹೋಗಿ. ಹತ್ತಿರದ ನೀರನ್ನೂ ಒಮ್ಮೆ ನೋಡಿ. ಅನುಮಾನ ಬಂದಲ್ಲಿಗೆ ಮಾತ್ರ ದುರ್ಬೀನು ಎತ್ತಿ. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟರೆ ದೋಣಿಯ ಓಲಾಟ ಕಾಲಲ್ಲೇ ನಿಲ್ಲುತ್ತದೆ, ಕಣ್ಣಿಗೆ ಬರುವುದಿಲ್ಲ. ಕಂಬಕ್ಕೆ ಮೊಣಕೈ ಊರಬೇಡಿ, ಎಂಜಿನ್ ನಡುಕವೆಲ್ಲ ಚಿತ್ರಕ್ಕೆ ಬರುತ್ತದೆ.

ಜೊತೆಗಾರರಿಗೆ ತೋರಿಸಲು ಗಡಿಯಾರದ ಲೆಕ್ಕ ಬಳಸಿ. ದೋಣಿಯ ಮೂತಿ ಹನ್ನೆರಡು ಗಂಟೆ, ಬಲಕ್ಕೆ ಮೂರು, ಹಿಂದೆ ಆರು, ಎಡಕ್ಕೆ ಒಂಬತ್ತು. ‘ಎರಡು ಗಂಟೆ, ದೂರ, ಎಡಕ್ಕೆ ಹಾರ್ತಿದೆ’ ಎಂದರೆ ಎಲ್ಲರಿಗೂ ಸಿಗುತ್ತದೆ. ‘ಅಗೋ ಅಲ್ಲಿ’ ಎಂದರೆ ಯಾರಿಗೂ ಸಿಗುವುದಿಲ್ಲ.

ಐದನೆಯ ಹಂತ: ಹಾರಾಟದಿಂದ ಗುರುತು

ರೆಕ್ಕೆ ಅಗಲ, ಬಾಲ ದುಂಡು, ದೋಣಿಯ ಹಿಂದೆ ಆರಾಮಾಗಿ ತೇಲುತ್ತಾ ಬಂದರೆ ಗಲ್. ರೆಕ್ಕೆ ಸಪೂರ, ಬಾಲ ಸೀಳು, ಕೊಕ್ಕು ನೀರಿನ ಕಡೆ ಬಾಗಿದ್ದರೆ ರೀವ. ಇಷ್ಟು ನಿಮಗೆ ಕೃಷ್ಣೆಯಲ್ಲೇ ಬಂದಿರುತ್ತದೆ. ಚಳಿಗಾಲದಲ್ಲಿ ಗಲ್‌ಗಳ ತಲೆ ಬಿಳಿಯಾಗಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಉಳಿದಿರುತ್ತದೆ. ಕಂದುತಲೆ ಗಲ್ಲೋ, ಕರಿತಲೆ ಗಲ್ಲೋ ಎಂದು ತಲೆ ನೋಡಿ ಹೇಳಲು ಹೋದರೆ ಸೋಲುತ್ತೀರಿ. ರೆಕ್ಕೆಯ ತುದಿ ನೋಡಿ. ತುದಿ ದಟ್ಟ ಕಪ್ಪಾಗಿ ಅದರೊಳಗೆ ಬಿಳಿ ಮಚ್ಚೆ ಇದ್ದರೆ ಬೆಳೆದ ಕಂದುತಲೆ ಗಲ್. ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ ಚಳಿಗೆ ಇಲ್ಲಿಗೆ ಇಳಿಯುತ್ತದೆ. ಕೆಲವು ಒಳನಾಡಿನ ದೊಡ್ಡ ಜಲಾಶಯಗಳಿಗೂ ಬರುತ್ತವೆ, ಹಾಗಾಗಿ ಬಸವಸಾಗರದಲ್ಲೂ ಕಣ್ಣಿಟ್ಟಿರಿ. ರೆಕ್ಕೆಯ ಮುಂದಿನ ಅಂಚು ಬಿಳಿ ಪಟ್ಟಿಯಾಗಿ ಎದ್ದು ಕಂಡರೆ ಕರಿತಲೆ ಗಲ್.

ಕಡಲ ರೀವಗಳಲ್ಲಿ ಕೊಕ್ಕಿನ ಬಣ್ಣ ಸಹಾಯ ಮಾಡುತ್ತದೆ. ದೊಡ್ಡ ಜುಟ್ಟಿನ ರೀವದ್ದು ಹಸಿರು ಛಾಯೆಯ ಹಳದಿ, ಚಿಕ್ಕ ಜುಟ್ಟಿನ ರೀವದ್ದು ಕಿತ್ತಳೆ. ಭಾರೀ ಗಾತ್ರ, ಕೆಂಪು ದಪ್ಪ ಕೊಕ್ಕು ಇದ್ದರೆ ಕ್ಯಾಸ್ಪಿಯನ್ ರೀವ.

ದಡ ದೂರವಾದಂತೆ ಬೇರೆಯೇ ಮಂದಿ ಬರುತ್ತಾರೆ. ಕಂದು ಬಣ್ಣದ ಗಟ್ಟಿ ಹಕ್ಕಿಯೊಂದು ರೀವವನ್ನು ಅಟ್ಟಿಸಿಕೊಂಡು ಹೋಗಿ, ಅದು ಹಿಡಿದ ಮೀನನ್ನು ಬಿಡುವವರೆಗೂ ಕಾಡಿದರೆ ಅದು ಸ್ಕುವಾ. ರೆಕ್ಕೆಯ ತುದಿ ಹತ್ತಿರ ಬಿಳಿ ಮಿಂಚು ಕಾಣುತ್ತದೆ. ರೆಕ್ಕೆಯನ್ನು ಬಿಗಿಯಾಗಿ ಚಾಚಿ, ಬಡಿಯದೆ, ಒಮ್ಮೆ ಈ ಮಗ್ಗುಲು ಒಮ್ಮೆ ಆ ಮಗ್ಗುಲು ವಾಲುತ್ತಾ ಅಲೆಗೆ ತಾಗುವಷ್ಟು ಕೆಳಗೆ ಹೋದರೆ ಶಿಯರ್‌ವಾಟರ್. ತೀರಾ ಚಿಕ್ಕದು, ಕಪ್ಪು, ಬಾಲದ ಬುಡ ಬಿಳಿ, ನೀರಿನ ಮೇಲೆ ಕಾಲಾಡಿಸುತ್ತಾ ಹೋದರೆ ವಿಲ್ಸನ್ಸ್ ಪೆಟ್ರೆಲ್. ಇವು ಮಾಮೂಲಿ ಫೆರಿಯಿಂದ ಸಿಗುವುದು ಅಪರೂಪ. ಇವನ್ನೇ ನೋಡಬೇಕೆಂದರೆ ಪಕ್ಷಿ ವೀಕ್ಷಕರು ಗುಂಪಾಗಿ ಮೀನುಗಾರಿಕೆ ದೋಣಿ ಬಾಡಿಗೆ ಹಿಡಿದು ಆಳ ಕಡಲಿಗೆ ಹೋಗುತ್ತಾರೆ. ಒಂದೆರಡು ವರ್ಷ ಫೆರಿಯಲ್ಲಿ ಪಳಗಿದ ಮೇಲೆ ಅದನ್ನು ಯೋಚಿಸಿ. ಇಡೀ ದಿನ ಓಲಾಡುವುದು ಸುಮ್ನೆ ಅಲ್ಲ.

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಕಡೆ ಹೋದವರು ಬಿಳಿಹೊಟ್ಟೆಯ ಕಡಲ ಹದ್ದನ್ನು ಹುಡುಕಿ. ಅದು ಅಲ್ಲಿ ಗೂಡು ಕಟ್ಟುತ್ತದೆ.

ಆರನೆಯ ಹಂತ: ಡಾಲ್ಫಿನ್

ಕಾರವಾರದಲ್ಲಿ ದಡದ ಹತ್ತಿರ ಕಾಣುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಬೂದು ಮೈ, ಬೆನ್ನ ಮೇಲೆ ಉದ್ದನೆಯ ಗೂನು, ಅದರ ಮೇಲೆ ಚಿಕ್ಕ ಈಜುರೆಕ್ಕೆ. ಆಳವಿಲ್ಲದ ನೀರು, ನದಿಯ ಬಾಯಿ ಅದರ ಜಾಗ. ಟಿವಿಯಲ್ಲಿ ನೋಡಿದ ಹಾಗೆ ಸಾಲಾಗಿ ನೆಗೆಯುತ್ತದೆ ಎಂದು ಕಾಯಬೇಡಿ. ಮೊದಲು ಮೂತಿ, ಆಮೇಲೆ ಗೂನು, ಬೆನ್ನು ಬಾಗಿ ಒಳಗೆ. ಕೆಲವೊಮ್ಮೆ ಕೊನೆಗೆ ಬಾಲ ಏಳುತ್ತದೆ. ಬಾಲ ಎದ್ದರೆ ಆಳಕ್ಕೆ ಹೋಯಿತು, ಮತ್ತೆ ಬರಲು ಹೊತ್ತು ಹಿಡಿಯುತ್ತದೆ ಎಂದು ತಿಳಿಯಿರಿ. ಬೆನ್ನ ಮೇಲೆ ರೆಕ್ಕೆಯೇ ಇಲ್ಲದ ಚಿಕ್ಕ ಕಪ್ಪು ಬೆನ್ನು ಸದ್ದಿಲ್ಲದೆ ಉರುಳಿ ಮರೆಯಾದರೆ ಅದು ಡಾಲ್ಫಿನ್‌ನ ನೆಂಟ ಫಿನ್‌ಲೆಸ್ ಪೊರ್ಪಾಯ್ಸ್. ತುಂಬಾ ನಾಚಿಕೆಯದು.

ಹುಡುಕುವಾಗ ಹಕ್ಕಿಗಳನ್ನೇ ಕೇಳಿ. ರೀವಗಳು ಒಂದೇ ಕಡೆ ಗುಂಪಾಗಿ ಧುಮುಕುತ್ತಿದ್ದರೆ ಕೆಳಗೆ ಮೀನಿನ ಹಿಂಡು ಇದೆ ಎಂದರ್ಥ. ಹಿಂಡು ಇದ್ದಲ್ಲಿ ಡಾಲ್ಫಿನ್ ಬರುವ ಸಂಭವ ಜಾಸ್ತಿ. ಒಮ್ಮೆ ಕಂಡ ಮೇಲೆ ಮನಸ್ಸಿನಲ್ಲೇ ಎಣಿಸಲು ಶುರು ಮಾಡಿ. ಎರಡು ಮೂರು ಸಲ ಎದ್ದಾಗ ಅದರ ಲಯ ಸಿಗುತ್ತದೆ, ಮುಂದಿನ ಸಲ ಎಲ್ಲಿ ಏಳಬಹುದು ಎಂಬುದೂ ತಿಳಿಯುತ್ತದೆ. ಮೊಬೈಲ್ ಜೇಬಿನಲ್ಲಿರಲಿ. ಎಂಜಿನ್ ನಿಂತಿದ್ದರೆ ಅದು ಉಸಿರು ಬಿಡುವ ‘ಫುಸ್’ ಎಂಬ ಸದ್ದೂ ಕೇಳುತ್ತದೆ.

ಇಲ್ಲಿ ದೋಣಿಯವರ ಜೊತೆ ಮೊದಲೇ ಮಾತಾಡಿಕೊಳ್ಳಬೇಕು. ‘ಅಣ್ಣಾ, ಬೆನ್ನತ್ತೋದು ಬೇಡ. ದೂರದಲ್ಲೇ ಎಂಜಿನ್ ಸಣ್ಣ ಮಾಡಿ ನಿಲ್ಸಿ, ಕಾಣದಿದ್ರೂ ಪರ್ವಾಗಿಲ್ಲ’ ಎಂದು ಹತ್ತುವ ಮೊದಲೇ ಹೇಳಿ. ‘ಕಾಣದಿದ್ದರೆ ದುಡ್ಡು ವಾಪಸ್’ ಎಂದು ನಾವು ಪಟ್ಟು ಹಿಡಿಯುವುದರಿಂದಲೇ ಅವರು ಅಟ್ಟಿಸಿಕೊಂಡು ಹೋಗುತ್ತಾರೆ. ಐವತ್ತು ಮೀಟರಾದರೂ ದೂರ ಇರಲಿ. ಎದುರಿನಿಂದ ಅಡ್ಡ ಹಾಕಬಾರದು, ಎರಡು ಮೂರು ದೋಣಿ ಸೇರಿ ಸುತ್ತುವರಿಯಬಾರದು. ಮರಿ ಇದ್ದರೆ ಬೇಗ ಹಿಂದೆ ಸರಿಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ.

ಗಲ್‌ಗಳಿಗೆ ಗಾಠಿಯಾ, ಚಿಪ್ಸ್ ಎಸೆಯುವುದೂ ಬೇಡ. ಮುಂಬೈ ಫೆರಿಗಳಲ್ಲಿ ಇದು ದೊಡ್ಡ ಮೋಜು, ಫೋಟೊ ಚೆನ್ನಾಗಿ ಬರುತ್ತದೆ ನಿಜ. ಎಣ್ಣೆ, ಉಪ್ಪಿನ ತಿಂಡಿ ಅವುಗಳ ಆಹಾರ ಅಲ್ಲ. ಎಸೆಯದಿದ್ದರೂ ಅವು ಹಿಂದೆ ಬಂದೇ ಬರುತ್ತವೆ.

ಹೊಟ್ಟೆ ಮತ್ತು ಜೀವ

ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು. ದೋಣಿ ಹತ್ತುವ ಮುಂಚೆ ಮಿರ್ಚಿ ಭಜಿ, ಎಣ್ಣೆಗಾಯಿ ಬೇಡವೇ ಬೇಡ. ಒಣ ರೊಟ್ಟಿಯ ಚೂರು, ಬಾಳೆಹಣ್ಣು ಸಾಕು. ವಾಂತಿ ಬರುವ ಅಭ್ಯಾಸ ಇದ್ದವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮುಂಚಿತವಾಗಿ ತೆಗೆದುಕೊಳ್ಳಿ. ಸಂಕಟ ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಉಪಯೋಗವಿಲ್ಲ. ಇಂಥ ಕೆಲವು ಮಾತ್ರೆಗೆ ನಿದ್ದೆ ಬರುತ್ತದೆ ಎನ್ನುವುದೂ ಗೊತ್ತಿರಲಿ. ತಲೆ ಸುತ್ತಿದರೆ ದುರ್ಬೀನು ಇಳಿಸಿ, ದೋಣಿಯ ನಡುಭಾಗಕ್ಕೆ ಬಂದು, ದೂರದ ನೀರಿನಂಚನ್ನೇ ನೋಡುತ್ತಾ ಗಾಳಿಗೆ ಮುಖ ಕೊಡಿ.

ಲೈಫ್ ಜಾಕೆಟ್ ವಿಷಯದಲ್ಲಿ ನಾಚಿಕೆ ಬೇಡ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ ಹಲವರು ಸತ್ತರು. 2024ರ ಡಿಸೆಂಬರ್‌ನಲ್ಲಿ ಎಲಿಫಂಟಾಕ್ಕೆ ಹೊರಟಿದ್ದ ದೋಣಿಗೆ ಸ್ಪೀಡ್‌ಬೋಟ್ ಬಡಿದು ಮತ್ತೆ ಜೀವಗಳು ಹೋದವು. ಜಾಕೆಟ್ ಹಾಕಿಕೊಂಡು ಪಟ್ಟಿ ಬಿಗಿಯಿರಿ, ಸೀಟಿನ ಕೆಳಗೆ ಇಟ್ಟುಕೊಂಡರೆ ಆಗದು. ಜನ ಜಾಸ್ತಿ ತುಂಬಿದ್ದರೆ ಆ ದೋಣಿ ಬಿಟ್ಟು ಮುಂದಿನದು ಹತ್ತಿ. ಹಕ್ಕಿ ಕಂಡಿತು ಎಂದು ಎಲ್ಲರೂ ಒಂದೇ ಮಗ್ಗುಲಿಗೆ ಓಡುವುದು, ಅದರಲ್ಲೂ ಹರಿಗೋಲಿನಲ್ಲಿ ಎದ್ದು ನಿಲ್ಲುವುದು, ಖಂಡಿತ ಮಾಡಬಾರದ ಕೆಲಸ.

ವಾಪಸ್ ಬಂದ ಮೇಲೆ

ಕಂಡದ್ದನ್ನು ಅಂದೇ ಬರೆದಿಡಿ. ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇ-ಬರ್ಡ್ ಆ್ಯಪ್ ಬಳಸುವವರು ಕಡಲಲ್ಲಿ ಇಡೀ ದಿನಕ್ಕೆ ಒಂದೇ ಪಟ್ಟಿ ಮಾಡದೆ ಗಂಟೆಗೊಂದರಂತೆ ಬೇರೆ ಬೇರೆ ಮಾಡಿ. ಆಗ ಯಾವ ಹಕ್ಕಿ ದಡದಿಂದ ಎಷ್ಟು ದೂರದಲ್ಲಿ ಸಿಕ್ಕಿತು ಎಂಬುದು ಉಳಿಯುತ್ತದೆ. ನೀರಿನ ಮೇಲೆ ಸಿಗ್ನಲ್ ಸಿಗದಿರಬಹುದು, ಆದ್ದರಿಂದ ಹಕ್ಕಿ ಗುರುತಿಸಲು ನೆರವಾಗುವ ಮೆರ್ಲಿನ್ ಆ್ಯಪ್‌ನ ಭಾರತದ ಹಕ್ಕಿಗಳ ಕಟ್ಟನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಹೆಸರು ಗೊತ್ತಾಗದ ಹಕ್ಕಿಗೆ ಯಾವುದೋ ಹೆಸರು ಅಂಟಿಸಬೇಡಿ. ‘ಗಲ್, ಯಾವುದೆಂದು ತಿಳಿಯಲಿಲ್ಲ’ ಎಂದೇ ಬರೆಯಿರಿ, ಜೊತೆಗೆ ಅದು ಹೇಗೆ ಹಾರಿತು ಎಂದು ಎರಡು ಸಾಲು.

ದುರ್ಬೀನಿನ ಮೇಲೆ ಉಪ್ಪು ಕೂತಿರುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಮೈಯೆಲ್ಲ ಒರೆಸಿ, ಗಾಜನ್ನು ಕೊನೆಗೆ ಹಗುರವಾಗಿ ಒರೆಸಿ, ನೆರಳಲ್ಲಿ ಒಣಗಿಸಿ.